ಒಮ್ಮೆಯೂ ರಕ್ತ ಕೊಡದವರ ಹೆಸರು

ಕಂಪ್ಯೂಟರ್ ಪರದೆಯ ಮೇಲೆ ಒಂದು ಹೆಸರೂ ಬರಲಿಲ್ಲ. ಕೆಂಚಾರ್ಲಹಳ್ಳಿಯಿಂದ ಹೆರಿಗೆಗೆ ಬಂದಿದ್ದ ಹೆಣ್ಣುಮಗಳಿಗೆ ತುರ್ತಾಗಿ ಓ ನೆಗೆಟಿವ್ ರಕ್ತ ಬೇಕಿತ್ತು. ಮೊಬೈಲು ಆಗಷ್ಟೇ ಎಲ್ಲರ ಕೈಗೆ ಬರುತ್ತಿದ್ದ ವರ್ಷಗಳು. ನಾನು ಚಿಂತಾಮಣಿಯ ರಕ್ತನಿಧಿಯೊಂದರಲ್ಲಿ ದಾನಿಗಳನ್ನು ಹುಡುಕಿಕೊಡುವ ಕೆಲಸದಲ್ಲಿದ್ದೆ. ಕೊನೆಯ ಸಲ ರಕ್ತ ಕೊಟ್ಟು ಮೂರು ತಿಂಗಳು ದಾಟಿದವರನ್ನು ತೋರಿಸು ಎಂಬುದೇ ನಮ್ಮ ಮಾಮೂಲಿ ಹುಡುಕಾಟ. ಆ ಗುಂಪಿನವರೆಲ್ಲ ಈಚೆಗಷ್ಟೇ ಕೊಟ್ಟಿದ್ದಾರೆ ಎಂದೆ.

ಬಾಗಿಲಲ್ಲಿ ನಿಂತಿದ್ದ ಆ ಹೆಣ್ಣುಮಗಳ ಅತ್ತೆ ಕೇಳಿದರು: “ಇದುವರ್ಗೂ ಒಂದ್ ಸಲಾನೂ ಕೊಡ್ದೇ ಇರೋರು ಯಾರೂ ಇಲ್ವೇನಮ್ಮಾ?”

ಥಟ್ಟನೆ ಹೊಳೆಯಿತು. ದಾನಿಯೆಂದು ಹೆಸರು ಬರೆಸಿ ಒಮ್ಮೆಯೂ ಕೊಡದವರ ತಾರೀಖಿನ ಅಂಕಣ ಖಾಲಿ. ಖಾಲಿ ಜಾಗವನ್ನು ಕಂಪ್ಯೂಟರ್ ಯಾವ ತಾರೀಖಿಗೂ ಹೋಲಿಸುವುದಿಲ್ಲ, ಸುಮ್ಮನೆ ಬಿಟ್ಟು ಮುಂದೆ ಹೋಗುತ್ತದೆ. ‘ಅಥವಾ ತಾರೀಖು ಖಾಲಿ ಇರುವವರು’ ಎಂದು ಸೇರಿಸಿ ಮತ್ತೆ ಹುಡುಕಿದೆ. ಶಿಡ್ಲಘಟ್ಟದಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಯುವ ರೀಲರ್ ಒಬ್ಬರ ಹೆಸರು ಬಂತು. ಫೋನ್ ಮಾಡಿದ್ದೇ ತಡ, ಬೇಯಿಸಿದ ಗೂಡಿನ ವಾಸನೆ ಮೈಮೇಲಿದ್ದಂತೆಯೇ ಬೈಕಿನಲ್ಲಿ ಬಂದರು.

“ಹೆಸ್ರು ಬರ್ಸಿ ಎರಡ್ ವರ್ಷ ಆಯ್ತಮ್ಮ, ಯಾರೂ ಕರೀಲಿಲ್ಲ. ನನ್ ರಕ್ತ ಯಾರ್ಗೂ ಬೇಡ್ವೇನೋ ಅನ್ಕೊಂಡಿದ್ದೆ” ಎನ್ನುತ್ತಾ ತೋಳು ಚಾಚಿದರು.

ತಾಯಿ, ಮಗು ಇಬ್ಬರೂ ಉಳಿದರು. ಅಂದಿನಿಂದ ಖಾಲಿ ಅಂಕಣ ಕಂಡರೆ, ಅಲ್ಲಿ ಯಾರೋ ಕರೆಗಾಗಿ ಕಾಯುತ್ತಿದ್ದಾರೆ ಅನಿಸುತ್ತದೆ.