ಹಡಗಲಿಯ ಗೋದಾಮಿನಿಂದ ಬಂದ ಮಾತು

ದೆವ್ವ-ಪಿಶಾಚಿಯ ಮಾತೆತ್ತಿದರೆ ನಗುವವರಲ್ಲಿ ನಾನೇ ಮೊದಲಿಗನಾಗಿದ್ದೆ. ವೈರು ಸಡಿಲವಾಗಿದೆಯೋ ಇಲ್ಲವೋ, ನನ್ನ ಜಗತ್ತು ಅಷ್ಟೇ. ನೀವು ನಂಬಲೇಬೇಕೆಂದು ಈಗಲೂ ಹಟ ಹಿಡಿಯುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ.

ನಾನೂ ಗೆಳೆಯ ಕೊಟ್ರೇಶನೂ ಕೊಟ್ಟೂರಿನಲ್ಲಿ ಅಂಗಡಿ ಇಟ್ಟುಕೊಂಡು ಸುತ್ತಲಿನ ವ್ಯಾಪಾರಸ್ಥರ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆವು. ಹೊರಗಿನಿಂದ ಕಂಪ್ಯೂಟರಿಗೆ ಬರುವ ದಾರಿಗೆ ಪೋರ್ಟ್ ಎನ್ನುತ್ತಾರೆ. ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂದು ಕಾಯುವುದು ಫೈರ್‌ವಾಲ್. ಅದನ್ನು ಪರೀಕ್ಷಿಸಲು ನಮಗೆ ಇಬ್ಬರು ಬೇಕಿತ್ತು. ಒಬ್ಬ ಆ ಕಡೆಯ ಕಂಪ್ಯೂಟರಿನಲ್ಲಿ ಪೋರ್ಟ್ ತೆರೆದು ಕೂರುವುದು, ಇನ್ನೊಬ್ಬ ಈ ಕಡೆಯ ಕಂಪ್ಯೂಟರಿನಿಂದ ಅದನ್ನು ತಟ್ಟುವುದು. ದಾರಿ ಸರಿಯಿದ್ದರೆ ಅವನು ಟೈಪ್ ಮಾಡಿದ್ದು ನನ್ನ ಪರದೆಯ ಮೇಲೆ ಮೂಡುತ್ತದೆ. ಬೇರೆಯವರು ‘ಟೆಸ್ಟ್’ ಎಂದು ಕಳಿಸುತ್ತಾರೆ. ಕೊಟ್ರೇಶ ಇಂಗ್ಲಿಷ್ ಅಕ್ಷರದಲ್ಲಿ ‘ಉಂಡ್ಯೇನಲೇ?’ ಎಂದು ಕಳಿಸುತ್ತಿದ್ದ. ನಾನು ಒಂಟಿ ಮನುಷ್ಯ, ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಒಂದು ದಿನ ಎದೆನೋವು ಅಂದ ಕೊಟ್ರೇಶ ದಾವಣಗೆರೆಯ ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟ. ಆಮೇಲೆ ಎರಡೂ ಕಡೆಯ ಕೆಲಸ ನನ್ನದೇ. ಹಡಗಲಿಯಂಥ ಊರಿಗೆ ಹೋಗಿ ಪೋರ್ಟ್ ತೆರೆದಿಟ್ಟು, ಬಸ್ಸು ಹತ್ತಿ ಕೊಟ್ಟೂರಿಗೆ ಬಂದು ತಟ್ಟಬೇಕು. ದಾರಿಯುದ್ದಕ್ಕೂ ಮಾತಿಗೆ ಯಾರೂ ಇರುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಹಡಗಲಿಯ ಮೆಕ್ಕೆಜೋಳದ ಗೋದಾಮಿನ ಮಾಲೀಕರು ಫೋನ್ ಮಾಡಿ, ಕೊಟ್ರೇಶ ನಮ್ಮ ಅಂಗಡಿಯಿಂದ ಅವರ ಕಂಪ್ಯೂಟರಿಗೆ ಬರಲೆಂದು ಬಿಟ್ಟಿದ್ದ ದಾರಿಯನ್ನು ಇವತ್ತೇ ಮುಚ್ಚಿಬಿಡಿ ಎಂದರು. ಇನ್ನೂ ತೆರೆದಿದೆಯೋ ನೋಡೋಣವೆಂದು ಕೂತಲ್ಲಿಂದಲೇ ತಟ್ಟಿದೆ. ತಟ್ಟಿದ ಮೇಲೆ ನೆನಪಾಯಿತು, ಆ ಕಡೆ ಯಾರೂ ಇಲ್ಲ. ರೂಢಿ ಹಾಗೆ, ಸತ್ತವನನ್ನೂ ಕುರ್ಚಿಯಲ್ಲಿ ಕೂರಿಸಿರುತ್ತದೆ. ನಿಲ್ಲಿಸಬೇಕೆಂದು ಕೈ ಎತ್ತುವಷ್ಟರಲ್ಲಿ ಪರದೆಯ ಮೇಲೆ ಅಕ್ಷರಗಳು ಮೂಡಿದವು.

ಉಂಡ್ಯೇನಲೇ?

ಗೋದಾಮು ಕಾಯುವ ಹನುಮಂತಪ್ಪನಿಗೆ ಫೋನ್ ಹಚ್ಚಿ, “ಅಣ್ಣಾ, ಕಂಪ್ಯೂಟರ್ ಮುಂದ ಯಾರದಾರ?” ಎಂದು ಕೇಳಿದೆ.

“ಯಾರೂ ಇಲ್ರಿ. ಸುಣ್ಣ ಹಚ್ಚಾಕ ಹತ್ಯಾರ. ಕಂಪ್ಯೂಟರ್ ನಿನ್ನೆನ ಬಿಚ್ಚಿ ನಮ್ಮ ಮನ್ಯಾಗ ಇಟ್ಟೀವ್ರಿ. ಗೋಡಿ ಮ್ಯಾಲಿನ ನಿಮ್ಮ ಡಬ್ಬಿ ಒಂದ ಚಾಲೂ ಐತಿ.”

ಡಬ್ಬಿ ಎಂದರೆ ಫೈರ್‌ವಾಲ್. ಅದು ದಾರಿ ಕಾಯುತ್ತದೆಯೇ ಹೊರತು ಊಟ ಆಯಿತೇ ಎಂದು ಕೇಳುವುದಿಲ್ಲ.

‘ಇಲ್ಲ’ ಎಂದು ಟೈಪ್ ಮಾಡಿದೆ. ನಿಜಕ್ಕೂ ಅಂದು ಉಂಡಿರಲಿಲ್ಲ. ಬಹಳ ಹೊತ್ತು ಕಾದೆ. ‘ಕೊಟ್ರ್ಯಾ’ ಎಂದೂ ಕರೆದೆ. ಏನೂ ಬರಲಿಲ್ಲ. ಅವನು ಹೋದ ದಿನ ಬಾರದ ಅಳು ಅವತ್ತು ಬಂತು.

ಯಾರೋ ಕಳ್ಳರು ನೆಟ್‌ವರ್ಕಿನೊಳಗೆ ನುಗ್ಗಿ ಆಟ ಆಡಿರಬಹುದು ಎಂದು ತಿಳಿದವರು ಹೇಳಿದರು. ಇರಬಹುದು. ಆದರೆ ಆ ಮಾತು ನಮ್ಮಿಬ್ಬರನ್ನು ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ.

ಅವತ್ತೇ ಸಂಜೆ ಮಾಲೀಕರು ಮತ್ತೆ ಕೇಳಿದರು. ನಾನು ದಾರಿಯನ್ನು ಮುಚ್ಚಿದೆ. ಮುಚ್ಚಿದ ಮೇಲೆ, ನಿಜವಾಗಿ ಮುಚ್ಚಿತೇ ಎಂದು ಇನ್ನೊಮ್ಮೆ ತಟ್ಟಿ ನೋಡುವುದು ನಮ್ಮ ಕಸುಬಿನ ನಿಯಮ. ಆ ದಾರಿಯೊಂದನ್ನು ಮಾತ್ರ ನಾನು ಇವತ್ತಿನವರೆಗೆ ತಟ್ಟಿಲ್ಲ. ಉತ್ತರ ಬಂದೀತೆಂಬ ಹೆದರಿಕೆಯಿಂದಲ್ಲ, ಬಾರದೇ ಹೋದೀತೆಂದು.