ಲಟ್ಟಿಸಿದ ಜೋಳದ ರೊಟ್ಟಿ

ಮಕ್ಕಳ ರಕ್ಷಣಾ ಘಟಕದ ಮೇಡಂ ಆ ಹುಡುಗಿಯನ್ನು ಗಜೇಂದ್ರಗಡದ ನಮ್ಮ ಮನೆಗೆ ಕರೆತಂದಾಗ ಅವಳಿಗೆ ಹದಿನಾಲ್ಕು. ರೋಣದ ಕಡೆಯವಳು. ಅವ್ವ ಇಲ್ಲ, ಸೋದರಮಾವನ ಮನೆಯಲ್ಲಿ ಏಟು ತಿಂದೇ ಬೆಳೆದವಳು. ಸಾಕಲು ಒಪ್ಪಿದ್ದ ನಮಗೆ ಮೇಡಂ ಮೊದಲೇ ಹೇಳಿದ್ದರು: "ಹೊಟ್ಟಿ ನೋವು ಭಾಳ ಐತ್ರಿ ಆಕಿಗೆ. ಮೈ ತುಂಬಲಿಲ್ಲಂದ್ರ ದೊಡ್ಡ ದವಾಖಾನಿ ಹತ್ರ ಇರ್ಲಿ ಅಂತ ಗದಗಿನ ಬಾಲಮಂದಿರಕ್ಕ ಒಯ್ಯಬೇಕಾಗತೈತಿ."

ಬೆಳಿಗ್ಗೆಯಾದರೆ ಹೊಟ್ಟೆ ಹಿಡಿದು ಮೂಲೆಯಲ್ಲಿ ಕೂರುತ್ತಿದ್ದಳು. ಕೇಳಿದರೆ "ಏನಿಲ್ರಿ ಕಾಕು" ಅಷ್ಟೆ. ಸ್ಕ್ಯಾನಿಂಗಿನಲ್ಲಿ ಏನೂ ಕಾಣಲಿಲ್ಲ. ಡಾಕ್ಟರು, "ನೋವು ಖರೇನ ಐತ್ರಿ. ಭಾಳ ದಿನದ ಅಂಜಿಕಿ ಮೈಯಾಗ ಕುಂತುಬಿಡತೈತಿ, ವರ್ಷಗಟ್ಲೆ ಕಾಡಬಹುದು" ಎಂದರು. ನಮ್ಮ ಅತ್ತೆ ಒಪ್ಪಲಿಲ್ಲ. "ಜ್ವಾಳ ಜಡ ಆಗೈತಿ ಕೂಸಿಗೆ" ಎಂದು ಅವಳಿಗಷ್ಟೇ ರೊಟ್ಟಿ ಬಿಡಿಸಿ ಅನ್ನ, ಮಜ್ಜಿಗೆ ಹಾಕಿದರು. ನೋವು ಹೋಗಲಿಲ್ಲ.

ಏಕಾದಶಿಗೆ ಮನೆಯಲ್ಲಿ ಎಲ್ಲರಿಗೂ ಉಪವಾಸ, ರೊಟ್ಟಿ ಮಾಡುವುದಿಲ್ಲ. ಅಂದು ಬೆಳಿಗ್ಗೆ ಅವಳು ಹೊಟ್ಟೆ ಹಿಡಿದು ಕೂರಲಿಲ್ಲ, ಸಾಬೂದಾಣಿಯನ್ನು ಕೇಳಿ ಹಾಕಿಸಿಕೊಂಡು ತಿಂದಳು. ಮರುದಿನ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಾ ಪಡಸಾಲೆಯತ್ತ ನೋಡಿದೆ. ನನ್ನ ಅಂಗೈ ಹಿಟ್ಟಿನ ಮೇಲೆ ಪಟ್ ಎಂದಾಗಲೆಲ್ಲ ಜಡೆ ಹೆಣೆಯುತ್ತಿದ್ದ ಅವಳ ಬೆರಳು ನಿಲ್ಲುತ್ತಿದ್ದವು. ಭುಜ ಕಿವಿಯತ್ತ ಏರುತ್ತಿತ್ತು. ಮಾವನ ಮನೆಯ ಏಟಿನ ಸದ್ದೂ ಹೀಗೇ ಇತ್ತೇನೋ, ನಾನು ಅವಳನ್ನು ಕೇಳಲಿಲ್ಲ.

ಬಡಿಯುವುದು ಬಿಟ್ಟು ಲಟ್ಟಣಿಗೆ ತೆಗೆದೆ. ಜೋಳದ ಹಿಟ್ಟು ಎಷ್ಟು ನಾದಿದರೂ ಅಂಚು ಬಿರಿಯುತ್ತಿತ್ತು.

"ಜ್ವಾಳದ ರೊಟ್ಟಿ ಲಟ್ಟಸೂದನ್ನ ನಿಮ್ಮ ಕಾನ್ವೆಂಟಿನ್ಯಾಗ ಕಲಿಸಿದ್ರೇನವಾ?" ಎಂದರು ಅತ್ತೆ.

ಪಕ್ಕಕ್ಕೆ ಕರೆದು ಕಾರಣ ಹೇಳಿದೆ. ಅತ್ತೆ ತಾಟು ಎಳೆದುಕೊಂಡು ಕೂತರು. "ಹಂಗಾರ ನನಗೂ ಅದನ್ನ ಹಾಕು."

ಎರಡು ದಿನಕ್ಕೇ ಪಕ್ಕದ ಮನೆಯಾಕೆ ಇಣುಕಿದರು. "ಏನ್ರಿ ಆಯೀ, ನಿಮ್ಮ ಮನ್ಯಾಗ ರೊಟ್ಟಿ ಸಪ್ಪಳನ ಇಲ್ಲ! ಸೊಸಿ ತವರಿಗೆ ಹೋದ್ಳೇನ?"

"ನನ್ನ ಹಲ್ಲು ಅಳ್ಳಾಡಾಕತ್ತಾವ. ಲಟ್ಟಿಸಿದ್ದ ಮೆತ್ತಗ ಆಗತೈತಿ" ಎಂದರು ಅತ್ತೆ. ಕಬ್ಬನ್ನು ಹಲ್ಲಿನಿಂದಲೇ ಸಿಗಿಯುವ ಹೆಂಗಸು! ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವಳು ನಕ್ಕದ್ದನ್ನು ನಾನು ಮೊದಲು ಕಂಡದ್ದು ಅಂದೇ.

ಮುಂದೆ ಮೇಡಂ ನೋಡಲು ಬಂದಾಗ ಅವಳ ಕೆನ್ನೆ ತುಂಬಿತ್ತು. ನೋವು ಪೂರ್ತಿ ಹೋಗಿರಲಿಲ್ಲ, ಡಾಕ್ಟರ ಹತ್ತಿರ ಹೋಗಿಬರುವುದೂ ನಿಂತಿರಲಿಲ್ಲ. ಆದರೆ ನೋವಾದರೆ ಈಗ ಬಾಯಿಬಿಟ್ಟು ಹೇಳುತ್ತಿದ್ದಳು. "ಇಲ್ಲೇ ಇರತೀಯೇನವಾ?" ಎಂದು ಮೇಡಂ ಕೇಳಿದರು. "ಹೂಂನ್ರಿ" ಎಂದವಳೇ ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಮೊನ್ನೆ ಗಣಿತದ ಪರೀಕ್ಷೆಯ ದಿನ ಹಾಸಿಗೆಯಲ್ಲೇ ಹೊಟ್ಟೆ ಹಿಡಿದು ಜೋರಾಗಿ ನರಳಿದಳು. ಗಾಬರಿಯಿಂದ ಓಡಿದೆ. ಬಗ್ಗಿ ನೋಡಿದರೆ ಒಂದು ಕಣ್ಣು ಅರೆ ತೆರೆದು ನನ್ನನ್ನೇ ಅಳೆಯುತ್ತಿತ್ತು.

"ಏಳು, ಸಾಲಿಗೆ ಹೊತ್ತಾತು" ಎಂದೆ.

"ಅಬ್ಬಾ, ಎಲ್ಲಾ ಹುಡುಗ್ರಂಗ ಸುಳ್ಳ ನರಳಾಕ ಕಲ್ತಾಳ!" ಎಂದು ಅತ್ತೆ ಹಿಗ್ಗಿನಿಂದ ಪಕ್ಕದ ಮನೆಗೆ ಕೇಳುವಂತೆ ಕೂಗಿದರು.