ಮೆಟ್ಟಿಲ ಮೇಲಿನ ತಂಬಿಗೆ

ನನ್ನ ಗಂಡ ಕುಸ್ತಿ ಆಡಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಹೆಂಗಸರು ತಾಲೀಮಿನ, ಅಂದರೆ ಗರಡಿಮನೆಯ, ಒಳಗೆ ಕಾಲಿಡುವಂತಿರಲಿಲ್ಲ. ಮೈದಾನಕ್ಕಂತೂ ಹೋಗುವ ಮಾತೇ ಇಲ್ಲ. ನಾನು ಕಂಡದ್ದು ಅವರು ಹಾಲು ಕುಡಿದಿಟ್ಟ ತಂಬಿಗೆ. ಅದರ ಕಂಠದ ಸುತ್ತ ಕೆಂಪು ಮಣ್ಣಿನ ಬೆರಳ ಗುರುತು ಇರುತ್ತಿತ್ತು. ತೊಳೆದು ಬೋರಲು ಹಾಕುತ್ತಿದ್ದೆ. ಮದುವೆಯಾದ ಮೇಲೆ ಬಹಳ ಕಾಲ ನಮ್ಮ ಸಂಸಾರ ಅಂದರೆ ಅಷ್ಟೇ.

ನನ್ನ ತವರು ಆರಗ. ಕೊಟ್ಟದ್ದು ಸಾಂಗಲಿ ಹತ್ತಿರದ ಕಸಬೆ ಡಿಗ್ರಜಕ್ಕೆ, ನಮ್ಮಂಥ ಜೈನರ ಮನೆಗೇ. ಹೊಲ ಇತ್ತು, ಎಮ್ಮೆ ಇದ್ದವು. ಆಗ ಸಾಂಗಲಿ ಒಂದು ಸಂಸ್ಥಾನ, ಮಿರಜ ಇನ್ನೊಂದು. ರಾಜರನ್ನು ನಾವು ಸರಕಾರ ಅನ್ನುತ್ತಿದ್ದೆವು. ಮದುವೆಯ ಅರಿಶಿನ ಇನ್ನೂ ಕೈಯಲ್ಲಿರುವಾಗ ಹಳ್ಳಿಯ ಕುಸ್ತಿಯಲ್ಲಿ ನನ್ನ ಗಂಡ ತಮಗಿಂತ ದಪ್ಪನೆಯವನನ್ನು ಎತ್ತಿ ಬೆನ್ನಡಿ ಮಾಡಿ ಒಗೆದರಂತೆ. ಸಾಂಗಲಿ ಸರಕಾರದ ತಾಲೀಮಿನಲ್ಲಿ ಕುಸ್ತಿ ಕಲಿಸುವ ವಸ್ತಾದರು ಅದನ್ನು ನೋಡಿದರು. ಮರುದಿನವೇ ನಮ್ಮ ಕಟ್ಟೆಯ ಮೇಲೆ ಬಂದು ಕೂತರು.

"ಬದಾಮಿ, ತುಪ್ಪ ಸರಕಾರದ್ದು. ಹಾಲು ನಿಮ್ಮದು" ಅಂದರು. "ಆದ್ರ ಲಂಗೋಟಿ ಕಟ್ಟಿದಂವ ಹೆಂಡತಿ ಹಂತ್ಯಾಕ ಹೋಗಂಗಿಲ್ಲ. ಆಕಿ ಕೈಯಿಂದ ನೀರು ಸೈತ ಇಸಗೊಳ್ಳಂಗಿಲ್ಲ. ಕಬೂಲ ಇದ್ರ ಹೇಳ್ರಿ."

"ಎಷ್ಟು ದಿನಾರಿ?" ಮಾವ ಕೇಳಿದರು.

"ಮೈಯಾಗ ಕಸುವು ಇರೂತನಕ."

"ಕಬೂಲ" ಅಂದರು ಅತ್ತೆ. ನಾನು ಒಳಗೆ ಹಿಟ್ಟು ನಾದುತ್ತಿದ್ದೆ. ನನ್ನನ್ನು ಯಾರೂ ಕೇಳಲಿಲ್ಲ. ನಾದುವುದನ್ನು ನಾನೂ ಬಿಡಲಿಲ್ಲ.

ಸಾಂಗಲಿಯಲ್ಲಿ ತಾಲೀಮಿನ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದೆವು. ನಾನು, ಅತ್ತೆ, ಒಂದು ಎಮ್ಮೆ. ಮಾವ ಹೊಲ ನೋಡಿಕೊಂಡು ಡಿಗ್ರಜದಲ್ಲೇ ಉಳಿದರು. ನನ್ನ ಗಂಡ ಉಣ್ಣುವುದು, ಮಲಗುವುದು ಎಲ್ಲಾ ತಾಲೀಮಿನಲ್ಲಿ. ಹಾಲು ಮಾತ್ರ ನಮ್ಮದು. ಅದಕ್ಕೂ ಎರಡು ಕಟ್ಟಳೆ. ನೊರೆ ಇಳಿಯುವ ಮೊದಲು ಕುಡಿಯಬೇಕು, ಇದು ವಸ್ತಾದರದ್ದು. ಹೊತ್ತು ಮುಳುಗುವ ಮೊದಲು ಕುಡಿಯಬೇಕು, ಇದು ನಮ್ಮ ಧರ್ಮದ್ದು. ಎಮ್ಮೆಗೆ ಎರಡೂ ತಿಳಿಯುತ್ತಿರಲಿಲ್ಲ. ಕೆಲವು ಸಂಜೆ ಕಾಲೆತ್ತಿ ಒದ್ದು ತಡಮಾಡುತ್ತಿತ್ತು. ಆಗ ಸೆರಗು ಕಟ್ಟಿ ತಂಬಿಗೆ ಹಿಡಿದು ತಾಲೀಮಿಗೆ ಓಡುತ್ತಿದ್ದೆ.

ತಾಲೀಮಿನ ಬಾಗಿಲಲ್ಲಿ ಒಂದು ಕಲ್ಲಿನ ಮೆಟ್ಟಿಲು. ಮೊದಲ ದಿನ ತಿಳಿಯದೆ ಅದರ ಮೇಲೆ ಕಾಲಿಡಲು ಹೋದೆ.

"ಥಾಂಬ, ನಿಂದರು!" ವಸ್ತಾದರು ಒಳಗಿಂದ ಕೂಗಿದರು. "ಅಲ್ಲೇ ಇಡು. ಇಟ್ಟು ಆಚೆ ಸರಿ."

ಇಟ್ಟು ಗೋಡೆಯ ಮಗ್ಗುಲಿಗೆ ಸರಿದೆ. ಕೆಂಪು ಮಣ್ಣು ಬಡಿದ ಒಂದು ಕೈ ಬಂದು ತಂಬಿಗೆ ಎತ್ತಿಕೊಂಡಿತು. ಗುಟುಗುಟು ಕೇಳಿಸಿತು. ತಂಬಿಗೆ ಮೆಟ್ಟಿಲಿಗೆ ಮರಳಿತು. ಆ ಕೈ ನನ್ನ ಗಂಡನದೇ ಅಂತ ನಾನು ತಿಳಿದುಕೊಂಡೆ. ಮದುವೆಯಲ್ಲಿ ನಡುವೆ ಅಂತರಪಟ ಹಿಡಿದಾಗ ಅವರ ಪಾದ ಕಂಡಿದ್ದೆ. ಈಗ ಕೈ ಕಂಡಂತಾಯಿತು.

ಓಣಿಯ ನಲ್ಲಿಯ ಹತ್ತಿರ ಹೆಂಗಸರು ಬಿಡುತ್ತಿರಲಿಲ್ಲ.

"ಏನವಾ ಪೈಲ್ವಾನನ ಹೆಂಡತಿ, ಎಮ್ಮಿ ಕರಾ ಹಾಕೇತಂತ. ನಿಂದೇನ ಸುದ್ದಿ?"

"ಎಮ್ಮಿಗೆ ವಸ್ತಾದ ಇಲ್ಲ" ಅಂದೆ. ಅವರು ನಕ್ಕರು. ನಾನು ಕೊಡ ಎತ್ತಿಕೊಂಡು ಬಂದೆ.

ಸಣ್ಣಪುಟ್ಟ ಕುಸ್ತಿ ಗೆದ್ದರು. ಗೆದ್ದ ದಿನ ಹಲಗೆ ಬಾರಿಸುತ್ತ ನಮ್ಮ ಓಣಿಯಲ್ಲೇ ಮೆರವಣಿಗೆ ಬರುತ್ತಿತ್ತು. ಅತ್ತೆ ಬಾಗಿಲಲ್ಲಿ ಆರತಿ ಹಿಡಿದು ನಿಲ್ಲುತ್ತಿದ್ದರು. ನಾನು ಒಳಗೆ ಇರಬೇಕು. ಹೆಗಲ ಮೇಲೆ ಯಾರನ್ನೋ ಹೊತ್ತಂತೆ ಸಂದಿಯಿಂದ ಕಾಣುತ್ತಿತ್ತು. ಗುಲಾಲು ಎರಚಿದ್ದಕ್ಕೆ ಮುಖ ತಿಳಿಯುತ್ತಿರಲಿಲ್ಲ.

ಆಮೇಲೆ ಮಿರಜ ಸಂಸ್ಥಾನದ ಪೈಲ್ವಾನನ ಜೊತೆ ಜೋಡಿ ಕಟ್ಟಿದರು. ದೊಡ್ಡ ಕುಸ್ತಿ. ಆ ಸಂಜೆ ಅತ್ತೆ ನನ್ನನ್ನು ಕರೆದು ಕೂರಿಸಿಕೊಂಡರು.

"ಏ ಹುಡುಗಿ, ಇವನ್ನ ಗೆದ್ದಂದ್ರ ಸರಕಾರ ನಮ್ಮ ಹುಡುಗನ್ನ ಊರೂರು ಮೈದಾನಕ್ಕ ಕಳಸ್ತಾರಂತ. ನೀ ಇಲ್ಲೇ ಓಣ್ಯಾಗ ಇದ್ರ ಅವನ ಮನಸ್ಸು ಎರಡಾಕ್ಕೈತಿ ಅಂತ ವಸ್ತಾದರು ಹೇಳ್ಯಾರ. ಗೆದ್ದ ಮ್ಯಾಲೆ ಆರಗಕ್ಕ ಹೋಗಿ ಇರು."

"ತಿರುಗಿ ಯಾವಾಗ ಬರ್ಲಿ, ಅತ್ತಿ?"

"ಕರಸ್ದಾಗ ಬಾ."

ಹಾಗೆ ಗಂಡನ ಮನೆಯವರು ತವರಿಗೆ ಕಳಿಸಿ, ಕರೆಸಿಕೊಳ್ಳದೇ ಬಿಟ್ಟವಳೊಬ್ಬಳು ಆರಗದಲ್ಲಿ ನಮ್ಮ ಓಣಿಯಲ್ಲೇ ಇದ್ದಳು. ಅಣ್ಣಂದಿರ ಹೆಂಡಿರ ಸೀರೆ ಒಗೆಯುತ್ತ ಮುದುಕಿಯಾದಳು. ಅವಳ ಕೈ ಬಿಸಿಲಲ್ಲಿ ಬಿಟ್ಟ ತೊಗಲಿನಂತೆ ಇತ್ತು. ನನಗೆ ಅದೊಂದು ನೆನಪಾಯಿತು. ಗಂಡ ಗೆದ್ದರೆ ನಾನು ಅಲ್ಲಿ. ಸೋತರೆ ಏನು ಅಂತ ಯಾರೂ ಹೇಳಲಿಲ್ಲ. ಗೆಲ್ಲಲಿ ಎಂದು ನಾನು ಬೇಡಿಕೊಳ್ಳಲಿಲ್ಲ, ಸೋಲಲಿ ಎಂದೂ ಬೇಡಿಕೊಳ್ಳಲಿಲ್ಲ. ಬಸದಿಗೆ ಹೋಗಿ ಕೈಮುಗಿದು ಸುಮ್ಮನೆ ಬಂದೆ.

ಕುಸ್ತಿಯ ದಿನ ಅತ್ತೆಯೇ ನನ್ನ ಸೀರೆಗಳನ್ನು ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟರು. ಮಗ ಗೆಲ್ಲುತ್ತಾನೆಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಆರತಿಗೆ ಬತ್ತಿ ಹೊಸೆದರು. ನಾನು ಸಗಣಿ ಬಳಿದೆ. ಮೈದಾನದ ಗದ್ದಲ ನಮ್ಮ ಓಣಿಗೂ ಕೇಳುತ್ತಿತ್ತು. ಮಧ್ಯಾಹ್ನ ಇಳಿದ ಮೇಲೆ ಒಮ್ಮೆಲೇ ಜೋರಾಗಿ ಕೂಗಿದರು. ಹಲಗೆ ಶುರುವಾಯಿತು. ಅತ್ತೆ ಆರತಿ ಹಚ್ಚಿಕೊಂಡು ಹೊರಗೆ ಓಡಿದರು. ಹಲಗೆಯ ಸದ್ದು ನಮ್ಮ ಕಡೆ ಬರಲಿಲ್ಲ. ಮಿರಜದ ದಾರಿ ಹಿಡಿದು ದೂರ ಹೋಯಿತು.

ಆಮೇಲೆ ತಾಲೀಮಿನ ಪೈಲ್ವಾನರು ಒಂದು ಬಾಗಿಲ ಹಲಗೆಯ ಮೇಲೆ ನನ್ನ ಗಂಡನನ್ನು ಹೊತ್ತು ತಂದರು.

"ಮಾವಶಿ, ಮೊಣಕಾಲು ಹ್ವಾತು" ಅಂದ ಒಬ್ಬ, ಅತ್ತೆಗೆ.

"ಗೆದ್ದಾನೋ ಸೋತಾನೋ?"

"ಕಾಲು ಹ್ವಾತು ಅನ್ನಾಕತ್ತೇನಿ, ಗೆದ್ದದ್ದೇನು ಕೇಳ್ತಿ!"

ಎದುರಾಳಿಯನ್ನು ಎತ್ತಿದ್ದರಂತೆ. ತಮ್ಮ ಕಾಲು ಮಣ್ಣಿನಲ್ಲಿ ಹೂತು, ಮೈ ಮಾತ್ರ ತಿರುಗಿತಂತೆ. ಅಷ್ಟೇ. ಅತ್ತೆ ಆರತಿ ತಟ್ಟೆಯನ್ನು ನೆಲಕ್ಕಿಟ್ಟರು.

ಟಾಂಗಾ ತಂದರು. ಕಾಲಿನ ಕೆಳಗೆ ಮೆತ್ತಗೆ ಏನಾದರೂ ಬೇಕು ಅಂದರು. ಬಾಗಿಲಲ್ಲಿದ್ದ ನನ್ನ ಸೀರೆಯ ಗಂಟು ಎತ್ತಿ ಕೊಟ್ಟೆ. ಎಮ್ಮೆ ಹಿಂಡಲು ಅತ್ತೆ ಉಳಿದರು, ನಾನು ಟಾಂಗಾ ಹತ್ತಿದೆ. ಮಿರಜದ ದವಾಖಾನೆಗೆ.

"ಮುರದವ್ರೂ ಮಿರಜದವ್ರ, ಕೂಡಸವ್ರೂ ಮಿರಜದವ್ರ" ಅಂದ ಟಾಂಗಾದವ. ನನ್ನ ಗಂಡ ನಗಲಿಲ್ಲ. ನನಗೂ ನಗು ಬರಲಿಲ್ಲ.

ದವಾಖಾನೆಯಲ್ಲಿ ಬೆಳಗಾವಿ, ವಿಜಾಪುರದ ಕಡೆಯ ಜನ ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ನಾನು ಮಂಚದ ಪಕ್ಕ ನೆಲದ ಮೇಲೆ ಕೂತೆ. ಅಲ್ಲಿ ಅವರನ್ನು ಪೂರಾ ನೋಡಿದೆ. ಕುಸ್ತಿಯ ತಿಕ್ಕಾಟಕ್ಕೆ ಕಿವಿ ಮುರಿದು, ನಾದಿಟ್ಟ ಹಿಟ್ಟಿನ ಉಂಡೆಯಂತಾಗಿತ್ತು. ಅವರು ಗೋಡೆ ನೋಡುತ್ತಿದ್ದರು. ಹಾಗೆಯೇ ಕೇಳಿದರು:

"ಎಮ್ಮಿ ಯಾರು ಹಿಂಡ್ತಾರ?"

"ಅತ್ತಿ."

ಅದು ಅವರು ನನ್ನ ಜೊತೆ ಆಡಿದ ಮೊದಲ ಮಾತು.

ಕೆಲವು ದಿನಕ್ಕೆ ವಸ್ತಾದರು ಬಂದರು. ಮೊಣಕಾಲು ಒತ್ತಿ ನೋಡಿದರು. ಡಾಕ್ಟರು ಹೇಳಿದ್ದನ್ನೇ ಅವರ ಕೈಯೂ ಹೇಳಿತು ಅಂತ ಕಾಣುತ್ತದೆ: ಇದು ಇನ್ನು ಮಡಚುವುದಿಲ್ಲ. ಹೊರಗೆ ಬಂದು, ಮೊದಲ ಸಲ ನನ್ನ ಮುಖ ನೋಡಿ ಹೇಳಿದರು.

"ಆತು. ನಿನ್ನ ಗಂಡನ್ನ ನೀ ತಗೊ."

ತಮ್ಮ ಮೂಗು ಒರೆಸಿಕೊಂಡು ಹೋದರು. ತಾಲೀಮಿನಲ್ಲಿ ನನ್ನ ಗಂಡನ ಜಾಗಕ್ಕೆ ಬೇರೆ ಹುಡುಗ ಬಂದಿದ್ದನಂತೆ.

ಸಾಂಗಲಿಯ ಕೋಣೆ ಬಿಟ್ಟು ಎಮ್ಮೆ ಹೊಡೆದುಕೊಂಡು ಡಿಗ್ರಜಕ್ಕೆ ಬಂದೆವು. ಮೊದಲ ಸಂಜೆ ಹಾಲು ಹಿಂಡಿ ತಂಬಿಗೆ ಒಯ್ದೆ. ಅವರು ಕಂಬ ಹಿಡಿದು ನಿಂತಿದ್ದರು. ಹತ್ತಿರ ಹೋದರೆ ಮುಖ ಆಚೆ ಮಾಡಿದರು.

"ಕೆಳಗಿಡು."

ಇಟ್ಟೆ. ಸರಿದು ನಿಂತೆ. ಅವರು ಬಗ್ಗಲು ನೋಡಿದರು. ಕಾಲು ಕೋಲಿನಂತೆ ನೆಟ್ಟಗೆ ನಿಂತಿತು. ಕಂಬ ಬಿಟ್ಟರೆ ಬೀಳುತ್ತಿದ್ದರು. ಮತ್ತೊಮ್ಮೆ ನೋಡಿದರು. ಹೊತ್ತು ಮುಳುಗಲು ಬಂದಿತ್ತು. ಅತ್ತೆ ಒಳಗಿಂದ ನೋಡುತ್ತಿದ್ದರು.

ನಾನು ತಂಬಿಗೆ ಎತ್ತಿ ಮುಂದೆ ಹಿಡಿದೆ. ಅವರು ತಂಬಿಗೆ ನೋಡಿದರು, ಕೈ ಮುಂದೆ ಬರಲಿಲ್ಲ.

"ಹೊತ್ತು ಮುಣಗತೈತ್ರಿ" ಅಂದೆ.

ಇಸಿದುಕೊಂಡರು. ನೊರೆ ಆಗಲೇ ಇಳಿದಿತ್ತು. ಕುಡಿದು, ತಂಬಿಗೆಯನ್ನು ನನ್ನ ಕೈಗೇ ಕೊಟ್ಟರು.